ಕೂಸಿನ ಉಸಿರಿಗೆ ಕಾವಲು ಯಂತ್ರ ಬೇಕಾ?

(ಶಿಡ್ಲಘಟ್ಟದಲ್ಲಿ ಬಸುರಿಯರು, ಬಾಣಂತಿಯರು, ಅವರ ಮನೆಯವರು ಮತ್ತು ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಮಕ್ಕಳ ವೈದ್ಯೆಯೊಬ್ಬರು ಆಡಿದ ಮಾತು. ಟಿಪ್ಪಣಿ ಮತ್ತು ಮೊಬೈಲ್ ರೆಕಾರ್ಡಿಂಗ್ ನೋಡಿಕೊಂಡು ಬರೆದದ್ದು.)

ಹೋದ ಚಳಿಗಾಲದಲ್ಲಿ ಒಂದು ರಾತ್ರಿ ಎರಡೂವರೆಗೆ ನನ್ನ ಫೋನ್ ಹೊಡೆದುಕೊಂಡಿತು. ಆ ಕಡೆ ಒಬ್ಬ ಹುಡುಗ. ಮಗು ಹುಟ್ಟಿ ಒಂಬತ್ತು ದಿನ ಆಗಿತ್ತು. "ಮೇಡಂ, ಪಾಪು ಉಸಿರು ನಿಲ್ಲಿಸ್ತು. ಆಮೇಲೆ ಬಿಟ್ತು. ಮತ್ತೆ ನಿಲ್ಲಿಸ್ತು. ನಾನು ಎಣಿಸ್ದೆ ಮೇಡಂ, ಏಳು ಸೆಕೆಂಡು!" ಹಿಂದೆ ಯಾರೋ ಅಳುತ್ತಿದ್ದರು. ನಾನು ಕೇಳಿದ್ದು ಮೂರೇ ಪ್ರಶ್ನೆ. ನಾಲಿಗೆ ಯಾವ ಬಣ್ಣ ಇದೆ? ಹಾಲು ಕುಡಿಯಿತಾ? ಈಗ ಏನು ಮಾಡುತ್ತಿದೆ? ನಾಲಿಗೆ ಕೆಂಪಗಿದೆ, ಹನ್ನೆರಡು ಗಂಟೆಗೆ ಚೆನ್ನಾಗಿ ಕುಡಿಯಿತು, ಈಗ ನಮ್ಮ ಗಲಾಟೆಗೆ ಎದ್ದು ಕಿರುಚುತ್ತಿದೆ ಅಂದ. ಕಿರುಚುವುದು ನನಗೂ ಕೇಳಿಸುತ್ತಿತ್ತು. ಮಲಗಿಕೊಳ್ಳಪ್ಪ, ಬೆಳಿಗ್ಗೆ ಕರಕೊಂಡು ಬಾ ಅಂದೆ.

ಬೆಳಿಗ್ಗೆ ಬಂದ. ಮೊಬೈಲಲ್ಲಿ ಒಂದು ಜಾಹೀರಾತು ತೆರೆದಿಟ್ಟುಕೊಂಡೇ ಬಂದ. ಮಗುವಿನ ಕಾಲಿಗೆ ಹಾಕುವ ಕಾಲ್ಚೀಲ. ಏನಾದರೂ ಹೆಚ್ಚುಕಮ್ಮಿ ಆದರೆ ಅಪ್ಪನ ಫೋನು ಕೂಗುತ್ತದಂತೆ. "ತಗೊಳ್ಳಲಾ ಮೇಡಂ? ದುಡ್ಡಿನ ಯೋಚನೆ ಇಲ್ಲ" ಅಂದ. ಮಗುವನ್ನು ಪರೀಕ್ಷೆ ಮಾಡಿದೆ, ಕಲ್ಲುಗುಂಡಿನ ಹಾಗಿತ್ತು. ಬೇಡಪ್ಪ ಅಂದು ಕಳಿಸಿದೆ. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಯಾಕೆ ಬೇಡ ಅಂತ ಬಿಡಿಸಿ ಹೇಳಲು ಆಗಲಿಲ್ಲ. ಅವನು ಅರ್ಧಮನಸ್ಸಿನಿಂದ ಹೋದ. ಆವತ್ತು ಅವನಿಗೆ ಹೇಳಬೇಕಿದ್ದನ್ನು ಇವತ್ತು ನಿಮಗೆ ಹೇಳುತ್ತೇನೆ.

ಇಲ್ಲಿ ರೇಷ್ಮೆ ಹುಳು ಸಾಕುವ ಮನೆಯವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ಹಾಂ, ಅರ್ಧಕ್ಕಿಂತ ಜಾಸ್ತಿ. ಹಾಗಾದರೆ ನನ್ನ ಕೆಲಸ ಸುಲಭ. ಹುಳು ಜ್ವರಕ್ಕೆ ಕೂತಾಗ ಹೇಗಿರುತ್ತದೆ? ಸೊಪ್ಪು ಮುಟ್ಟಲ್ಲ. ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿರುತ್ತದೆ. ಬೆಂಗಳೂರಿನಿಂದ ಬಂದ ನೆಂಟರು ನೋಡಿದರೆ "ಅಯ್ಯೋ, ಎಲ್ಲಾ ಸತ್ತೋಗಿವೆ" ಅನ್ನುತ್ತಾರೆ. ನೀವು ಸುಣ್ಣ ಉದುರಿಸಿ, ಬಾಗಿಲು ಹಾಕಿಕೊಂಡು ಸುಮ್ಮನೆ ಬರುತ್ತೀರಿ. ನಿಮಗೆ ಗೊತ್ತು, ಅದು ಪೊರೆ ಬಿಡುತ್ತಿದೆ, ನಾಳೆ ಎದ್ದು ಸೊಪ್ಪು ಕೇಳುತ್ತದೆ. ನಾಲ್ಕು ಜ್ವರ ನೋಡಿದವರಿಗೆ ಹೆದರಿಕೆ ಇರಲ್ಲ. ಮೊದಲ ಸಲ ನೋಡುವವರಿಗೆ ಎದೆ ಝಲ್ ಅನ್ನುತ್ತದೆ.

ಎಳೆ ಕೂಸಿನ ಉಸಿರೂ ಹಾಗೇ, ನೋಡುವವರನ್ನು ಹೆದರಿಸುತ್ತದೆ. ನಮ್ಮ ನಿಮ್ಮ ಉಸಿರಿನ ಹಾಗೆ ಒಂದೇ ಸಮ ಇರಲ್ಲ. ಸ್ವಲ್ಪ ಹೊತ್ತು ಪಟಪಟ ಉಸಿರಾಡುತ್ತದೆ, ನಿಧಾನ ಮಾಡುತ್ತದೆ, ಆಮೇಲೆ ಐದು ಸೆಕೆಂಡು, ಕೆಲವು ಸಲ ಹತ್ತು ಸೆಕೆಂಡಿನ ತನಕ ನಿಲ್ಲಿಸಿಯೇ ಬಿಡುತ್ತದೆ. ಮತ್ತೆ ತಾನೇ ಶುರು ಮಾಡುತ್ತದೆ. ಕತ್ತಲಲ್ಲಿ ಕೂತು ನೋಡುವ ಅಪ್ಪನಿಗೆ ಆ ಏಳು ಸೆಕೆಂಡು ಏಳು ನಿಮಿಷದ ಹಾಗೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಅಂತ ನೋಡಿಕೊಂಡು "ಈಗ ಎಳಕೋ" ಅಂತ ಹೇಳುವುದು ಮಿದುಳಿನ ಬುಡದ ಕೆಲಸ. ಹೊಸ ಕೂಸಿನಲ್ಲಿ ಆ ಕೆಲಸ ಇನ್ನೂ ಕೈ ಕೂಡಿರುವುದಿಲ್ಲ. ತಿಂಗಳುಗಳು ಕಳೆದ ಹಾಗೆ ಸರಿಹೋಗುತ್ತದೆ. ನಾವು ಹೆದರುವ ನಿಲುಗಡೆ ಬೇರೆ. 20 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ನಿಂತರೆ ಅಥವಾ ಕಡಿಮೆ ಹೊತ್ತೇ ನಿಂತರೂ ಮಗು ನೀಲಿಯಾದರೆ, ಬಿಳುಚಿಕೊಂಡರೆ, ಕೈಕಾಲು ಜೋತುಬಿದ್ದರೆ, ಅದು ಆಸ್ಪತ್ರೆಯ ವಿಷಯ.

ನೀಲಿ ಅಂದೆನಲ್ಲ, ಅದರಲ್ಲೂ ಒಂದು ಗೊಂದಲ ಇದೆ. ಮೊದಲ ಕೆಲವು ದಿನ ಅಂಗೈ ಅಂಗಾಲು ಸ್ವಲ್ಪ ನೀಲಿ ಇರುವುದು ಸಾಮಾನ್ಯ, ಚಳಿಗೆ ಜಾಸ್ತಿ ಕಾಣುತ್ತದೆ. ನೋಡಬೇಕಾದದ್ದು ತುಟಿ, ನಾಲಿಗೆ. ಕಪ್ಪು ಬಣ್ಣದ ಮಗುವಿನಲ್ಲೂ ನಾಲಿಗೆ ಮೋಸ ಮಾಡಲ್ಲ.

ಇನ್ನು ಎಣಿಸುವುದು. ಪರದೆ ಮೇಲೆ ಒಂದು ನಿಮಿಷದ ವಿಡಿಯೋ ಹಾಕಿದೆ, ಮಲಗಿರುವ ಕೂಸಿನ ಹೊಟ್ಟೆ. ಎಲ್ಲರೂ ಎಣಿಸಿ ಅಂದೆ. ಉತ್ತರ ಕೇಳಿದಿರಲ್ಲ? ಹಿಂದಿನ ಸಾಲಿನ ಆಶಾ ಅಕ್ಕಂದಿರು 44, 45 ಅಂದರು. ಈ ಕಡೆ ಗಂಡಸರ ಸಾಲಲ್ಲಿ 30ರಿಂದ 70ರ ತನಕ ಬಂತು! ಒಬ್ಬರು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರಂತೆ. ಲೆಕ್ಕ ಸರಿ, ಆದರೆ ಕೂಸಿನ ಹತ್ತಿರ ಅದು ನಡೆಯಲ್ಲ. ನೀವು ಎಣಿಸಿದ ಹದಿನೈದು ಸೆಕೆಂಡಿನಲ್ಲೇ ಅದು ಏಳು ಸೆಕೆಂಡು ಸುಮ್ಮನಿದ್ದರೆ? ಪೂರ್ತಿ ಒಂದು ನಿಮಿಷ ಎಣಿಸಬೇಕು. ಅಳುವಾಗ ಬೇಡ, ಹಾಲು ಕುಡಿಯುವಾಗಲೂ ಬೇಡ. ಅಂಗಿ ಮೇಲೆ ಎತ್ತಿ, ಎದೆಗಿಂತ ಹೊಟ್ಟೆ ನೋಡಿ. ನಿಮಿಷಕ್ಕೆ 30ರಿಂದ 59ರ ತನಕ ಇದ್ದರೆ ಸರಿ. 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಂದು ಸಲ ಎಣಿಸಿ, ಆಗಲೂ ಹಾಗೇ ಬಂದರೆ ಹೊರಡಿ. ಆಶಾ ಅಕ್ಕಂದಿರಿಗೆ ಇದು ಬಾಯಿಪಾಠ. ಆಸ್ಪತ್ರೆಯಲ್ಲಿ ಹೆರಿಗೆ ಆದ ಮಗುವನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡುವುದು ಅವರ ಕೆಲಸ. ಅವರು ಬಂದಾಗ ಕಾಫಿ ಕೊಟ್ಟು ಕಳಿಸಿಬಿಡಬೇಡಿ. ಪಕ್ಕದಲ್ಲಿ ಕೂತು ಎಣಿಸುವುದು ಕಲಿಯಿರಿ.

ಈಗ ಯಂತ್ರಗಳಿಗೆ ಬರೋಣ. ಅಂಗಡಿಯಲ್ಲಿ, ಆನ್‌ಲೈನಲ್ಲಿ "ಉಸಿರಿನ ಮಾನಿಟರ್" ಅಂತ ಮಾರುವುದರಲ್ಲಿ ಮುಖ್ಯವಾಗಿ ಎರಡು ಜಾತಿ ಇವೆ. ಒಂದು, ಹಾಸಿಗೆ ಕೆಳಗೆ ಇಡುವ ಹಲಗೆ ಅಥವಾ ಡೈಪರಿಗೆ ಸಿಕ್ಕಿಸುವ ಕ್ಲಿಪ್ಪು. ಇದು ಅಲುಗಾಟ ನೋಡುತ್ತದೆ, ಉಸಿರು ನೋಡಲ್ಲ. ಸಾಮಾನ್ಯವಾಗಿ 20 ಸೆಕೆಂಡು ಅಲುಗಾಟ ಸಿಗದಿದ್ದರೆ ಕೂಗುತ್ತದೆ. ಹಲಗೆಯದ್ದು ನಮ್ಮ ಮನೆಗಳಲ್ಲಿ ಹೇಗೆ ನಡೆಯಬೇಕು ಹೇಳಿ? ನಮ್ಮಲ್ಲಿ ಕೂಸು ಅಮ್ಮನ ಪಕ್ಕ ಮಲಗುತ್ತದೆ, ಇಲ್ಲ ತೊಟ್ಟಿಲಲ್ಲಿ ತೂಗುತ್ತದೆ. ಅಮ್ಮ ಮಗ್ಗುಲು ಬದಲಿಸಿದರೂ ಹಲಗೆಗೆ ಅದು ಮಗುವಿನ ಅಲುಗಾಟವೇ. ಇನ್ನೊಂದು ದೊಡ್ಡ ತೂತು ಇದರಲ್ಲಿದೆ. ಮೂಗು ಬಾಯಿ ಮುಚ್ಚಿಹೋಗಿ ಗಾಳಿ ಒಳಗೆ ಹೋಗದೆ ಮಗು ಒದ್ದಾಡುತ್ತಿದ್ದರೆ ಎದೆ ಹೊಟ್ಟೆ ಇನ್ನೂ ಜೋರಾಗಿ ಅಲುಗಾಡುತ್ತವೆ. ಹಲಗೆ ಪ್ರಕಾರ ಎಲ್ಲಾ ಚೆನ್ನಾಗಿದೆ.

ಎರಡನೇ ಜಾತಿ, ಆ ಹುಡುಗ ತೋರಿಸಿದ ಕಾಲ್ಚೀಲ. ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಇನ್ನೊಂದು ಬೆಳಕು ಪಾದದೊಳಗೆ ಹಾಯಿಸಿ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ನಾಡಿ ಎಷ್ಟಿದೆ ಅಂತ ಲೆಕ್ಕ ಹಾಕುತ್ತದೆ. ಇದೂ ಉಸಿರನ್ನು ಎಣಿಸುವ ಸಾಧನವೇನಲ್ಲ, ಉಸಿರು ಕೆಟ್ಟ ಮೇಲೆ ರಕ್ತದಲ್ಲಿ ಆಗುವ ಬದಲಾವಣೆ ಹಿಡಿಯಲು ನೋಡುತ್ತದೆ. ಇದು ಯಾವುದರ ಹಾಗಿದೆ ಗೊತ್ತಾ? ಕೊರೋನಾ ಟೈಮಲ್ಲಿ ಎಲ್ಲರ ಮನೆಗೂ ಬಂತಲ್ಲ, ಬೆರಳಿಗೆ ಹಾಕುವ ಕ್ಲಿಪ್ಪು, ಅದೇ. ಅಂದಹಾಗೆ ಆ ದೊಡ್ಡವರ ಕ್ಲಿಪ್ಪನ್ನು ಕೂಸಿನ ಹೆಬ್ಬೆರಳಿಗೆ ಹಾಕಿ 82 ತೋರಿಸ್ತು ಅಂತ ಆಟೋ ಮಾಡಿಕೊಂಡು ಓಡಿಬಂದವರು ನನ್ನ ಹತ್ತಿರ ಒಬ್ಬಿಬ್ಬರಲ್ಲ. ಅದು ಕೂಸಿನ ಬೆರಳಿಗೆ ಕೂರಲ್ಲ, ಬೆಳಕು ಪಕ್ಕದಿಂದ ಸೋರಿಹೋಗುತ್ತದೆ, ಮಗು ಕಾಲು ಒದ್ದರೆ ಲೆಕ್ಕ ತಪ್ಪುತ್ತದೆ. ದಯವಿಟ್ಟು ಅದನ್ನು ತಾತನಿಗೇ ಬಿಡಿ.

2018ರಲ್ಲಿ ಅಮೆರಿಕದ ವೈದ್ಯರು ಮಾರುಕಟ್ಟೆಯಲ್ಲಿದ್ದ ಇಂಥ ಎರಡು ಸಾಧನಗಳನ್ನು ಆಸ್ಪತ್ರೆಯ ಮಾನಿಟರ್ ಜತೆ ಹೋಲಿಸಿ ನೋಡಿದರು. ಒಂದು, ಆಮ್ಲಜನಕ ಕಡಿಮೆಯಾದದ್ದನ್ನು ಕೆಲವು ಸಲ ಹಿಡಿಯಿತು, ಕೆಲವು ಸಲ ಬಿಟ್ಟಿತು. ಇನ್ನೊಂದು, ಒಂದು ಸಲವೂ ಹಿಡಿಯಲಿಲ್ಲ. ಮೇಲಿಂದ, ನಾಡಿ ಸರಿಯಿದ್ದಾಗ ಕಡಿಮೆ ಅಂತ ತೋರಿಸಿತು. ಅಲ್ಲಿ ಹೆಸರು ಮಾಡಿದ ಔಲೆಟ್ ಎಂಬ ಕಾಲ್ಚೀಲದ ಕಂಪನಿಗೆ 2021ರ ಅಕ್ಟೋಬರಿನಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಔಷಧಿ ಮತ್ತು ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ, ಎಚ್ಚರಿಕೆ ಪತ್ರ ಕೊಟ್ಟಿತು, ಇದು ವೈದ್ಯಕೀಯ ಸಾಧನ, ಅನುಮತಿ ಇಲ್ಲದೆ ಮಾರುತ್ತಿದ್ದೀರಿ ಅಂತ. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. 2023ರಲ್ಲಿ ಅದೇ ಕಂಪನಿಯ ಹೊಸ ಕಾಲ್ಚೀಲಕ್ಕೆ ಎಫ್‌ಡಿಎ ಅನುಮತಿ ಕೊಟ್ಟಿತು. ಅಂದರೆ ಸಾಧನಗಳು ಸುಧಾರಿಸುತ್ತಿವೆ. ಆದರೆ ನಾಡಿ ಸರಿಯಾಗಿ ಅಳೆಯುವುದು ಬೇರೆ, ಮಗುವಿನ ಜೀವ ಉಳಿಸುವುದು ಬೇರೆ. ಆರೋಗ್ಯವಾಗಿರುವ ಮಗುವಿಗೆ ಇಂಥದ್ದು ಹಾಕಿದ್ದರಿಂದ ನಿದ್ದೆಯಲ್ಲಿ ಆಗುವ ಸಾವು ತಪ್ಪುತ್ತದೆ ಅಂತ ಇವತ್ತಿನ ತನಕ ಯಾರೂ ತೋರಿಸಿಲ್ಲ.

ಈ ಯಂತ್ರಗಳು ಮನೆಗೆ ಬಂದದ್ದು ಹೇಗೆ ಅನ್ನೋದು ಒಂದು ಕಥೆ. ಬಸುರಿಯರ ಮುಂದೆ ಹೇಳಬೇಕೋ ಬೇಡವೋ ಅಂದುಕೊಂಡೆ. ಹೇಳಿಬಿಡುತ್ತೇನೆ. ನೆನ್ನೆ ರಾತ್ರಿ ಚೆನ್ನಾಗಿದ್ದ ಮಗು ಬೆಳಿಗ್ಗೆ ಇಲ್ಲ, ಯಾವ ಪರೀಕ್ಷೆಯಲ್ಲೂ ಕಾರಣ ಸಿಗಲ್ಲ, ಇಂಥ ಸಾವಿಗೆ ಇಂಗ್ಲಿಷಿನಲ್ಲಿ ಸಿಡ್ಸ್ ಅನ್ನುತ್ತಾರೆ. ವರ್ಷದೊಳಗಿನ ಮಕ್ಕಳಲ್ಲಿ, ಅದರಲ್ಲೂ ಎರಡರಿಂದ ನಾಲ್ಕು ತಿಂಗಳಲ್ಲಿ ಹೆಚ್ಚು. 1972ರಲ್ಲಿ ಅಮೆರಿಕದ ಸ್ಟೈನ್‌ಶ್ನೈಡರ್ ಎಂಬ ವೈದ್ಯರು ಒಂದು ಲೇಖನ ಬರೆದರು. ನಿದ್ದೆಯಲ್ಲಿ ಉಸಿರು ನಿಲ್ಲುವುದೇ ಇದಕ್ಕೆ ಕಾರಣ, ಅದನ್ನು ಮೊದಲೇ ಹಿಡಿಯಬಹುದು ಅನ್ನೋದು ಅವರ ವಾದ. ಒಂದೇ ಮನೆಯ ಇಬ್ಬರು ಕೂಸುಗಳ ಕಥೆ ಅದರಲ್ಲಿ ದೊಡ್ಡ ಆಧಾರ. ಆಮೇಲೆ ಸಾವಿರಾರು ಮನೆಗಳಿಗೆ ಮಾನಿಟರ್ ಹೋಯಿತು. 1995ರಲ್ಲಿ ಏನಾಯಿತು ಗೊತ್ತಾ? ಆ ಎರಡು ಮಕ್ಕಳನ್ನೂ, ಅವರ ಮೂವರು ಒಡಹುಟ್ಟಿದವರನ್ನೂ ಉಸಿರುಗಟ್ಟಿಸಿ ಕೊಂದದ್ದು ಹೆತ್ತ ತಾಯಿಯೇ ಅಂತ ನ್ಯಾಯಾಲಯ ತೀರ್ಪು ಕೊಟ್ಟಿತು.

ಸಭೆ ಮೌನವಾಯಿತು. ಕ್ಷಮಿಸಿ. ಇದನ್ನು ಹೇಳಿದ್ದಕ್ಕೆ ಕಾರಣ ಇದೆ. ಅಡಿಪಾಯ ಕುಸಿದರೂ ಅದರ ಮೇಲೆ ಕಟ್ಟಿದ ನಂಬಿಕೆ ಹಾಗೇ ಉಳಿದುಕೊಂಡಿದೆ. 2001ರಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಮನೆಯಲ್ಲೇ ಒಳ್ಳೆ ಮಾನಿಟರ್ ಹಾಕಿ ನೋಡಿದ ದೊಡ್ಡ ಅಧ್ಯಯನವೊಂದು ಬಂತು. ಅದರಲ್ಲಿ ತಿಂಗಳು ತುಂಬಿ ಹುಟ್ಟಿದ, ಏನೂ ತೊಂದರೆ ಇಲ್ಲದ ಮಕ್ಕಳಲ್ಲೂ ನೂರಕ್ಕೆ 43 ಮಕ್ಕಳಿಗೆ ಒಂದು ಸಲವಾದರೂ ಅಲಾರಾಂ ಹೊಡೆಯುವಂಥ ಘಟನೆ ಆಗಿತ್ತು. ಅದಾದ ಎರಡು ವರ್ಷಕ್ಕೆ, 2003ರಲ್ಲಿ, ಸಿಡ್ಸ್ ತಡೆಯಲು ಅಂತ ಮನೆ ಮಾನಿಟರ್ ಬರೆದುಕೊಡಬೇಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳಿತು. 2022ರಲ್ಲೂ ಅದನ್ನೇ ಹೇಳಿದೆ. ಅಲ್ಲಿ ಈ ಸಾವುಗಳು ಅರ್ಧಕ್ಕಿಂತ ಕೆಳಗೆ ಇಳಿದದ್ದು ನಿಜ. ಇಳಿದದ್ದು ಮಕ್ಕಳನ್ನು ಬೋರಲು ಮಲಗಿಸುವುದು ಬಿಟ್ಟು ಅಂಗಾತ ಮಲಗಿಸಿ ಅಂತ 1994ರಿಂದ ಊರೂರಲ್ಲಿ ಸಾರಿದ ಮೇಲೆ. ನಮ್ಮ ಅಜ್ಜಿಯರು ತೊಟ್ಟಿಲಲ್ಲಿ ಅಂಗಾತವೇ ಮಲಗಿಸುತ್ತಿದ್ದರು ಅಲ್ವಾ?

ನನ್ನ ಮನೆ ಕಥೆಯೂ ಕೇಳಿ. ಮಗಳು ಬಾಣಂತನಕ್ಕೆ ಬಂದಾಗ ಅಳಿಯನ ಗೆಳೆಯರು ಒಂದು ಹಲಗೆ ಮಾನಿಟರ್ ಉಡುಗೊರೆ ಕೊಟ್ಟಿದ್ದರು. ಯಾವ ಕಂಪನಿಯದು ಅನ್ನೋದು ಬಿಡಿ. ಬೇಡ ಅಂದೆ. "ಅಮ್ಮ, ನೀನು ಡಾಕ್ಟ್ರು, ನಿಂಗೆ ಭಯ ಇಲ್ಲ. ನಂಗಿದೆ" ಅಂದಳು. ಮಂಚದ ಪಕ್ಕ ಚಿಕ್ಕ ತೊಟ್ಟಿಲು, ಹಾಸಿಗೆ ಕೆಳಗೆ ಹಲಗೆ. ಮೊದಲ ರಾತ್ರಿ ಒಂದು ಗಂಟೆಗೆ ಕಿರುಚಿತು. ಓಡಿಹೋದೆ, ಸೀರೆ ಎಡವಿ ಬಾಗಿಲಿಗೆ ಮೊಣಕೈ ಹೊಡಕೊಂಡೆ. ನೋಡಿದರೆ ಮಗಳು ಹಾಲು ಕುಡಿಸಲು ಮಗುವನ್ನು ಎತ್ತಿಕೊಂಡಿದ್ದಾಳೆ, ಸ್ವಿಚ್ ಆರಿಸುವುದು ಮರೆತಿದ್ದಾಳೆ. ಖಾಲಿ ಹಾಸಿಗೆ ಉಸಿರಾಡುತ್ತಿಲ್ಲ ಅಂತ ಅದರ ಗೋಳು! ಎರಡನೇ ರಾತ್ರಿ ಮತ್ತೆ ಅದೇ. ನಾಲ್ಕನೇ ರಾತ್ರಿ ಅದು ಕೂಗಲೇ ಇಲ್ಲ, ಆದರೆ ಕೂಗಲಿಲ್ಲವಲ್ಲ, ಕೆಟ್ಟಿದೆಯೋ ಏನೋ ಅಂತ ಮಗಳು ಎದ್ದು ಕೂತಿದ್ದಳು. ಸುಳ್ಳು ಹೇಳಲ್ಲ, ನಾನೂ ಎರಡು ಸಲ ಹೋಗಿ ಅದರ ದೀಪ ಉರಿಯುತ್ತಿದೆಯಾ ನೋಡಿ ಬಂದೆ. ಇಪ್ಪತ್ತೈದು ವರ್ಷ ಮಕ್ಕಳ ವೈದ್ಯೆ ನಾನು. ಹತ್ತು ದಿನ ಆದ ಮೇಲೆ ಅವಳೇ ಅದನ್ನು ಬೀರು ಮೇಲೆ ಎತ್ತಿಟ್ಟಳು. ಇಂಥದ್ದು ಇಟ್ಟುಕೊಂಡೇ ನೆಮ್ಮದಿಯಾಗಿ ನಿದ್ದೆ ಮಾಡಿದ ತಾಯಂದಿರೂ ನನಗೆ ಗೊತ್ತು. ಅವರ ಜತೆ ನಾನು ಜಗಳ ಆಡಲ್ಲ.

ಹಾಗಾದರೆ ಮಾನಿಟರ್ ಯಾರಿಗೂ ಬೇಡವಾ? ಬೇಕು. 34 ವಾರಕ್ಕೂ ಮುಂಚೆ ಹುಟ್ಟಿದ ಮಕ್ಕಳಲ್ಲಿ ನಿಜವಾಗಿಯೇ ಉಸಿರು ನಿಲ್ಲುವುದುಂಟು. ಅವರನ್ನು ಎಸ್‌ಎನ್‌ಸಿಯುನಲ್ಲಿ, ಅಂದರೆ ಆಸ್ಪತ್ರೆಯಲ್ಲಿ ನವಜಾತ ಕೂಸುಗಳ ವಿಶೇಷ ಆರೈಕೆ ಘಟಕದಲ್ಲಿ ಇಟ್ಟು, ಮಾನಿಟರ್ ಹಾಕಿ, ಕೆಫೀನ್ ಔಷಧಿ ಕೊಡುತ್ತೇವೆ. ಹೌದು, ಕಾಫಿಯಲ್ಲಿರುವ ಅದೇ ಕೆಫೀನ್. ಹಾಗಂತ ಯಾರೂ ಮನೆಯಲ್ಲಿ ಕಾಫಿ ಕುಡಿಸಬೇಡಿ, ಒಬ್ಬರು ಕೇಳಿದ್ದರು! ಇಂಥ ಮಕ್ಕಳಲ್ಲಿ ಕೆಲವರನ್ನು, ಆಮ್ಲಜನಕದ ಜತೆ ಮನೆಗೆ ಹೋಗುವವರನ್ನು, ಕತ್ತಿನಲ್ಲಿ ಉಸಿರಿನ ಕೊಳವೆ ಇರುವವರನ್ನು ಮಾನಿಟರ್ ಕೊಟ್ಟೇ ಕಳಿಸಬೇಕಾಗುತ್ತದೆ. ಅದು ಆಸ್ಪತ್ರೆ ದರ್ಜೆಯದು. ಅಲಾರಾಂ ಹೊಡೆದರೆ ಏನು ಮಾಡಬೇಕು ಅಂತ ಕಲಿಸಿಯೇ ಕೊಡುತ್ತಾರೆ. ತೂಕ ಕಡಿಮೆ ಇದ್ದು ಮನೆಗೆ ಬಂದ ಕೂಸಿಗೆ ನಾನು ಕೇಳುವುದು ಕಾಂಗರೂ ಆರೈಕೆ. ಎದೆಗೆ ಎದೆ, ಚರ್ಮಕ್ಕೆ ಚರ್ಮ, ಕತ್ತು ಬಾಗದ ಹಾಗೆ ಕಟ್ಟಿಕೊಳ್ಳುವುದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಸಾಕಷ್ಟು ಇನ್‌ಕ್ಯುಬೇಟರ್ ಇಲ್ಲದೆ ಶುರು ಮಾಡಿದ್ದು. 2021ರಲ್ಲಿ ನಮ್ಮ ದೇಶವೂ ಸೇರಿದ್ದ ಅಧ್ಯಯನದಲ್ಲಿ, ಹುಟ್ಟಿದ ತಕ್ಷಣ ಇದನ್ನು ಶುರು ಮಾಡಿದಾಗ ಪುಟ್ಟ ಕೂಸುಗಳ ಸಾವು ಕಾಲು ಭಾಗ ಕಡಿಮೆಯಾಯಿತು. ಅಮ್ಮನಿಗೆ ಸುಸ್ತಾದರೆ ಅಪ್ಪ ಕಟ್ಟಿಕೊಳ್ಳಬಹುದು. ಅಜ್ಜಿಯೂ ಆಗಬಹುದು.

ಇನ್ನು ಹೊಗೆ. ಇದನ್ನು ಹೇಳಲೇಬೇಕು ಅಂತ ಬಂದಿದ್ದೇನೆ. ನಿಮ್ಮ ಹುಳುಮನೆ ಒಳಗೆ ಬೀಡಿ ಸೇದಲು ಯಾರನ್ನಾದರೂ ಬಿಡುತ್ತೀರಾ? ಊದುಬತ್ತಿ ಹಚ್ಚುತ್ತೀರಾ? ನನ್ನನ್ನೇ ಒಂದು ಸಲ ಬಾಗಿಲಲ್ಲೇ ನಿಲ್ಲಿಸಿದ್ದರು, ಸೆಂಟ್ ಹಾಕಿದ್ದೀರಾ ಮೇಡಂ ಅಂತ. ಕಾಲು ತೊಳೆದು, ಕೈ ತೊಳೆದು ಒಳಗೆ ಹೋಗಬೇಕು. ಸರಿ. ಅದೇ ಅಂಗಳದಲ್ಲಿ ಬಾಣಂತಿ ಕೋಣೆಗೆ ಬನ್ನಿ. ಕಿಟಕಿ ಮುಚ್ಚಿದೆ, ಮಂಚದ ಕೆಳಗೆ ಕೆಂಡ, ಅದರ ಮೇಲೆ ಸಾಂಬ್ರಾಣಿ, ಸಂಜೆ ಆದರೆ ಸೊಳ್ಳೆ ಬತ್ತಿ. ಮಾವ ಬೀಡಿ ಸೇದಿ ಬಂದು ಮೊಮ್ಮಗನನ್ನು ಎತ್ತಿಕೊಳ್ಳುತ್ತಾರೆ. ಹುಳುವಿಗೆ ಆಗದ ಹೊಗೆ ಕೂಸಿಗೆ ಆಗುತ್ತದಾ? ನಿದ್ದೆಯಲ್ಲಿ ಆಗುವ ಸಾವಿಗೂ ನ್ಯುಮೋನಿಯಾಕ್ಕೂ ಹೊಗೆ ಹಾದಿ ಮಾಡಿಕೊಡುತ್ತದೆ, ಅದಕ್ಕೆ ಪುರಾವೆ ಗಟ್ಟಿಯಾಗಿದೆ. ಮುಂದಿನ ಸಾಲಿನ ಅಜ್ಜಿ ಒಪ್ಪುತ್ತಿಲ್ಲ. "ನಾನು ಆರು ಮಕ್ಳಿಗೆ ಸಾಂಬ್ರಾಣಿ ಹಾಕಿದೀನಿ ಕಣಮ್ಮ" ಅಂತಿದ್ದಾರೆ. ಅಜ್ಜೀ, ಸಾಂಬ್ರಾಣಿ ಬೇಕೇಬೇಕು ಅಂದರೆ ದೇವರ ಮನೆಯಲ್ಲಿ ಹಾಕಿ, ಕೂಸನ್ನು ಆ ಕಡೆ ಕರಕೊಂಡು ಹೋಗಬೇಡಿ. ಸೊಳ್ಳೆಗೆ ಪರದೆ ಕಟ್ಟಿ. ನೀರು ಹಾಕುವಾಗ ಮೂಗಿಗೆ ಎಣ್ಣೆ ಬಿಡುವುದನ್ನೂ ಬಿಟ್ಟುಬಿಡಿ. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಬರುವ ನ್ಯುಮೋನಿಯಾ ಬಹಳ ಕಾಡುತ್ತದೆ.

ಮಲಗಿಸುವುದು: ಅಂಗಾತ, ಗಟ್ಟಿ ಹಾಸಿಗೆ, ದಿಂಬು ಬೇಡ, ತಲೆ ದುಂಡಗಾಗಲಿ ಅಂತ ಇಡುವ ಸಾಸಿವೆ ದಿಂಬೂ ಬೇಡ. ಮುಖದ ಮೇಲೆ ಬಟ್ಟೆ ಮುಚ್ಚಬೇಡಿ. ಪ್ರತ್ಯೇಕ ತೊಟ್ಟಿಲು ಅಮ್ಮನ ಮಂಚದ ಪಕ್ಕದಲ್ಲೇ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ಒಂದೇ ಹಾಸಿಗೆ ಅನ್ನುವವರು ಕನಿಷ್ಠ ಇಷ್ಟು ಮಾಡಿ. ಕುಡಿದವರು, ಬೀಡಿ ಸಿಗರೇಟು ಸೇದುವವರು ಆ ಹಾಸಿಗೆಯಲ್ಲಿ ಬೇಡ, ದೊಡ್ಡವರ ರಗ್ಗು ಮಗುವಿನ ಮೇಲೆ ಬರಬಾರದು. ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆ ಇರುವ ಕೂಸಿಗೆ ಮಾತ್ರ ಬೇರೆಯೇ ಜಾಗ ಮಾಡಿ.

ನಮ್ಮಲ್ಲಿ ಎಳೆ ಕೂಸುಗಳನ್ನು ಹೆಚ್ಚಾಗಿ ತೆಗೆದುಕೊಂಡು ಹೋಗುವುದು ಅವಧಿಗೆ ಮುಂಚಿನ ಹೆರಿಗೆ, ಹುಟ್ಟುವಾಗ ಉಸಿರುಕಟ್ಟುವುದು, ಸೋಂಕು. ಸೋಂಕು ಬಂದ ಮಗು ಮೊದಲು ಹಾಲು ಬಿಡುತ್ತದೆ. ಒಬ್ಬ ತಾಯಿ ಹದಿನೆಂಟು ದಿನದ ಮಗುವನ್ನು ತಂದಿದ್ದರು. ಕಾಲಲ್ಲಿ ಕಾಲ್ಚೀಲದ ಮಾನಿಟರ್, ಗಂಡನ ಫೋನಿನಲ್ಲಿ ಹಸಿರು ದೀಪ, 97. ಗಂಡ ಎಲ್ಲಾ ಸರಿಯಿದೆ ಅಂತಿದ್ದರಂತೆ. "ಬೆಳಿಗ್ಗೆಯಿಂದ ಚೀಪ್ತಾ ಇಲ್ಲ ಮೇಡಂ, ಬಾಯಿಗಿಟ್ರೆ ಹಾಗೇ ನಿದ್ದೆ ಹೋಗ್ತದೆ" ಅಂದರು ಆಕೆ. ಮುಟ್ಟಿದರೆ ಮಗು ತಣ್ಣಗಿತ್ತು. ರಕ್ತಕ್ಕೆ ಸೋಂಕು ಹತ್ತಿತ್ತು. ಆವತ್ತೇ ಸೇರಿಸಿಕೊಂಡೆವು, ಎರಡು ವಾರಕ್ಕೆ ಮನೆಗೆ ಹೋಯಿತು. ಹಾಲು ಬಿಟ್ಟರೆ, ಮಂಕಾದರೆ, ಉಸಿರಾಡುವಾಗ ಪಕ್ಕೆ ಒಳಗೆ ಸೆಳೆದರೆ, ನರಳಿದರೆ, ಫಿಟ್ಸ್ ಬಂದರೆ, ಮೈ ತಣ್ಣಗಾದರೆ ಅಥವಾ ಕಂಕುಳಲ್ಲಿಟ್ಟ ಥರ್ಮಾಮೀಟರ್ 99.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ರಾತ್ರಿ ಆದರೂ ಸರಿ, ಅಮಾವಾಸ್ಯೆ ಆದರೂ ಸರಿ.

ಉಸಿರು ನಿಂತಂತೆ ಕಂಡರೆ? ಅಂಗಾಲಿಗೆ ಬೆರಳಿಂದ ಚಿಟಿಕೆ ಹೊಡೆಯಿರಿ, ಬೆನ್ನು ಉಜ್ಜಿ. ಅಲುಗಾಡಿಸಿ ಕುಲುಕಬೇಡಿ, ಮಿದುಳಿಗೆ ಪೆಟ್ಟಾಗುತ್ತದೆ. ಆಗಲೂ ಉಸಿರಾಡದಿದ್ದರೆ ಒಬ್ಬರು 108ಕ್ಕೆ ಮಾಡಲಿ, ಇನ್ನೊಬ್ಬರು ಮಗುವಿನ ಮೂಗು ಬಾಯಿ ಎರಡನ್ನೂ ತಮ್ಮ ಬಾಯಿಯಿಂದ ಮುಚ್ಚಿ ಕೆನ್ನೆಯಲ್ಲಿ ಹಿಡಿಯುವಷ್ಟು ಗಾಳಿ ಮೆಲ್ಲಗೆ ಊದಬೇಕು, ಎದೆ ಏಳುವುದು ಕಾಣಬೇಕು. ಇದನ್ನು ಕೇಳಿ ಕಲಿಯಲು ಆಗಲ್ಲ. ಅದಕ್ಕೇ ಆ ಮೂಲೆಯ ಮೇಜಿನ ಮೇಲೆ ಎರಡು ಬೊಂಬೆ ತಂದಿಟ್ಟಿದ್ದೇನೆ. ಎದೆ ಒತ್ತುವುದನ್ನೂ ಅಲ್ಲೇ ತೋರಿಸುತ್ತೇನೆ. ಕಾಲ್ಚೀಲ ಕೊಂಡವರೂ ಬನ್ನಿ. ಅಲಾರಾಂ ಹೊಡೆದ ಮೇಲಿನ ಕೆಲಸ ನಿಮ್ಮ ಕೈಯದ್ದೇ.

ಎರಡು ಚೀಟಿ ಬಂದಿವೆ. ಒಂದು: "ಈಗಾಗಲೇ ತಂದುಬಿಟ್ಟಿದ್ದೇವೆ, ಏನು ಮಾಡೋದು?" ಪೆಟ್ಟಿಗೆ ಒಡೆದಿಲ್ಲದಿದ್ದರೆ ವಾಪಸ್ ಮಾಡಿ. ಒಡೆದಿದ್ದರೆ, ನಿಮಗೆ ಅದರಿಂದ ನಿದ್ದೆ ಬರುತ್ತದೆ ಅನ್ನುವುದಾದರೆ ಹಾಕಿ. ವೈರ್ ಇದ್ದರೆ ಮಗುವಿನ ಕೈಗೆ, ಕತ್ತಿಗೆ ಸಿಗದ ಹಾಗೆ ಇರಲಿ. ದೀಪ ಹಸಿರಿದೆ ಅಂತ ಬೋರಲು ಮಲಗಿಸಬೇಡಿ, ಹಾಲು ಬಿಟ್ಟ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಎರಡನೆಯದು: "ಸೀರೆ ಜೋಲಿಯಲ್ಲಿ ಮಲಗಿಸಬಹುದಾ?" ಒಳ್ಳೆ ಪ್ರಶ್ನೆ, ನಾನೇ ಮರೆತಿದ್ದೆ. ಜೋಲಿ ಆಳವಾಗಿ ಇಳಿಬಿದ್ದರೆ ಕೂಸು ಮುದುಡಿಕೊಂಡು ಗದ್ದ ಎದೆಗೆ ತಾಗುತ್ತದೆ, ಉಸಿರಿನ ದಾರಿ ಮಡಚಿಹೋಗುತ್ತದೆ. ಬಟ್ಟೆ ಮುಖಕ್ಕೆ ಬರುತ್ತದೆ, ಹೊರಗಿನಿಂದ ಏನೂ ಕಾಣಲ್ಲ. ಅಳು ನಿಲ್ಲಿಸಲು ನೀವು ಪಕ್ಕದಲ್ಲೇ ಇದ್ದು ನಾಲ್ಕು ಸಲ ತೂಗಿ. ನಿದ್ದೆ ಹತ್ತಿದ ಮೇಲೆ ಎತ್ತಿ ಸಮನಾದ ಜಾಗದಲ್ಲಿ ಮಲಗಿಸಿ. ಸರಿ, ಬೊಂಬೆ ಹತ್ತಿರ ಬನ್ನಿ. ಗಂಡಸರು ಮೊದಲು.